ಬಂದ, ಬಂದಾನ, ಬಂದಿದ್ದಾನೆ



‘ನಿಮ್ಮ ಮಗ ಬಂದಾನೇನ್ರಿ?’ ಎಂದು ಮಾನ್ವಿಯಲ್ಲಿ ಯಾರಾದರೂ ಕೇಳಿದರೆ, ಮಗ ಊರಿಗೆ ಬಂದಿದ್ದಾನೆಯೇ, ಈಗ ಮನೆಯಲ್ಲಿ ಇದ್ದಾನೆಯೇ ಎಂದು ಅರ್ಥ. ಅದೇ ಮಾತು ಮೈಸೂರಿನ ಕಡೆಯವರ ಕಿವಿಗೆ ಬಿದ್ದರೆ, ಮಗ ಬರಬಹುದೇ, ಬರುವ ಸಂಭವ ಉಂಟೇ ಎಂದು ಅವರು ತಿಳಿದುಕೊಳ್ಳುವುದೂ ಉಂಟು. ಒಬ್ಬರಿಗೆ ನಡೆದುಹೋದ ಸಂಗತಿ, ಇನ್ನೊಬ್ಬರಿಗೆ ನಡೆದೀತೋ ನಡೆಯದೋ ಎಂಬ ಸಂದೇಹ. ಇಬ್ಬರೂ ಆಡುವುದು ಕನ್ನಡವೇ. ನಡುವೆ ಇರುವುದು ಒಂದು ಸ್ವರದ ಅಂತರ.

ಈ ಅಂತರ ಚಿಕ್ಕದೆಂದು ತೋರಬಹುದು. ಆದರೆ ಸಾಕ್ಷಿ ಹೇಳಲು ನಿಂತ ರೈತನೊಬ್ಬ ‘ಅಂವ ರೊಕ್ಕ ಕೊಟ್ಟಾನ’ ಎಂದನೆಂದು ಇಟ್ಟುಕೊಳ್ಳಿ. ಬರೆದುಕೊಳ್ಳುವವರು ಅದನ್ನು ‘ಕೊಟ್ಟಾನು’ ಎಂದು ಕಿವಿಗೊಟ್ಟರೆ, ತೀರಿದ ಸಾಲ ತೀರಬಹುದಾದ ಸಾಲವಾಗಿ ಕಾಗದಕ್ಕೆ ಇಳಿಯುತ್ತದೆ. ದೇವದುರ್ಗದ ಹುಡುಗನೊಬ್ಬ ಉತ್ತರಪತ್ರಿಕೆಯಲ್ಲಿ ‘ಕವಿ ಹೀಗೆ ಬರದಾನ’ ಎಂದು ಬರೆದರೆ ಅದರ ಕೆಳಗೆ ಕೆಂಪು ಗೆರೆ ಬೀಳುತ್ತದೆ. ಗೆರೆ ಎಳೆದವರು ಇದು ಅಶುದ್ಧ ರೂಪ ಎನ್ನುತ್ತಾರೆ; ಹುಡುಗ ತನ್ನ ತಾಯಿಯ ಮಾತೇ ಅಶುದ್ಧವೆಂದು ಕಲಿಯುತ್ತಾನೆ. ಆ ರೂಪ ಅಶುದ್ಧವೇ, ಅಥವಾ ತನ್ನದೇ ಆದ ನಿಯಮವುಳ್ಳದ್ದೇ ಎಂಬ ಪ್ರಶ್ನೆಯನ್ನು ಇಂದು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ. ಒಂದು ಭಾಷೆಯ ಒಳಗೇ ನಿಂತು ನೋಡಿದರೆ ಕಾಣದ ಸಂಗತಿಗಳು ಇನ್ನೊಂದರ ಪಕ್ಕದಲ್ಲಿಟ್ಟಾಗ ಕಾಣುತ್ತವೆ. ಆದ್ದರಿಂದ ಇಂಗ್ಲಿಷನ್ನೂ ಫ್ರೆಂಚನ್ನೂ ಜೊತೆಗೆ ಕರೆದುಕೊಂಡು ಹೋಗೋಣ.

ಮೊದಲು ನಮ್ಮ ಮನೆಯನ್ನೇ ನೋಡೋಣ. ಕನ್ನಡದ ಧಾತುಗಳು ಭೂತಕಾಲವನ್ನು ಪಡೆಯುವ ಬಗೆ ಸ್ಥೂಲವಾಗಿ ಮೂರು. ಮಾಡು, ಓಡು, ಹಾಡು ಮೊದಲಾದವು ‘ಇ’ಕಾರವನ್ನು ಪಡೆದು ಮಾಡಿ, ಓಡಿ, ಹಾಡಿ ಎಂದಾಗುತ್ತವೆ, ಮೇಲೆ ‘ದ’ ಸೇರಿ ಮಾಡಿದ, ಓಡಿದ, ಹಾಡಿದ. ಕರೆ, ಕುಡಿ, ನಡೆ ಎಂಬಂಥವು ನೇರವಾಗಿ ದಕಾರವನ್ನು ತೆಗೆದುಕೊಂಡು ಕರೆದು, ಕುಡಿದು, ನಡೆದು ಎಂದಾಗುತ್ತವೆ. ಮೂರನೆಯದು ಹಳೆಯ ಸಂಸಾರ. ಅಲ್ಲಿ ಧಾತುವಿನ ಕೊನೆಯ ವ್ಯಂಜನವೂ ಪ್ರತ್ಯಯವೂ ಒಂದರೊಳಗೊಂದು ಬೆರೆತು ಗುರುತು ಸಿಗದಂತಾಗಿವೆ. ಬರು–ಬಂದು, ತರು–ತಂದು, ಕೊಡು–ಕೊಟ್ಟು, ಇಡು–ಇಟ್ಟು, ನಗು–ನಕ್ಕು, ತಿನ್ನು–ತಿಂದು, ಉಣ್ಣು–ಉಂಡು, ನಿಲ್ಲು–ನಿಂತು, ಗೆಲ್ಲು–ಗೆದ್ದು, ಸೋಲು–ಸೋತು, ಹೊರು–ಹೊತ್ತು, ಅಳು–ಅತ್ತು. ಇವುಗಳಲ್ಲಿ ಕೆಲವು ತಮ್ಮ ದೀರ್ಘಸ್ವರವನ್ನೂ ಕಳೆದುಕೊಳ್ಳುತ್ತವೆ: ಕಾಣು–ಕಂಡು, ಬೀಳು–ಬಿದ್ದು, ಏಳು–ಎದ್ದು, ಬೇಯು–ಬೆಂದು, ನೋಯು–ನೊಂದು, ಸಾಯು–ಸತ್ತು.

ಈ ಕೊನೆಯ ಗುಂಪನ್ನು ಇಂಗ್ಲಿಷಿನ ಪಕ್ಕದಲ್ಲಿ ಇಟ್ಟು ನೋಡಿ. ಕೀಪ್–ಕೆಪ್ಟ್, ಸ್ಲೀಪ್–ಸ್ಲೆಪ್ಟ್, ವೀಪ್–ವೆಪ್ಟ್. ಅಲ್ಲಿಯೂ ದೀರ್ಘಸ್ವರ ಹ್ರಸ್ವವಾಗಿದೆ. ಮುಂದೆ ಎರಡು ವ್ಯಂಜನ ಒತ್ತಾಗಿ ಬಂದಾಗ ಹಿಂದಿನ ಸ್ವರ ಕುಗ್ಗಿದ್ದೇ ಅದಕ್ಕೆ ಕಾರಣವೆಂದು ಇಂಗ್ಲಿಷಿನ ಚರಿತ್ರೆ ಹೇಳುತ್ತದೆ. ಎರಡು ಭಾಷೆಗಳಿಗೂ ರಕ್ತಸಂಬಂಧವಿಲ್ಲ. ಇಂಗ್ಲಿಷಿನ ಭೂತಕಾಲದಲ್ಲಿ ‘ಡ್’ ಇದೆ, ನಮ್ಮದರಲ್ಲಿ ‘ದ’ ಇದೆ ಎಂದು ನೆಂಟಸ್ತನ ಕಲ್ಪಿಸಲು ಹೋಗಬಾರದು. ಆದರೆ ಮನುಷ್ಯರ ನಾಲಿಗೆ ಎಲ್ಲ ಕಡೆಯೂ ಒಂದೇ ಬಗೆಯ ಭಾರವನ್ನು ಹೊರುತ್ತದೆ, ಒಂದೇ ಬಗೆಯಲ್ಲಿ ಹಗುರ ಮಾಡಿಕೊಳ್ಳುತ್ತದೆ ಎನ್ನುವುದಕ್ಕೆ ಇಂಥ ಹೋಲಿಕೆಗಳು ಸಾಕ್ಷಿ.

ಇನ್ನೊಂದು ಹೋಲಿಕೆ ಇದಕ್ಕಿಂತ ಮುಖ್ಯವಾದದ್ದು. ನಿಯಮಕ್ಕೆ ಸಿಗದ ಧಾತುಗಳು ಯಾವುವು ಎಂದು ಕೇಳಿಕೊಳ್ಳಿ. ಕನ್ನಡದಲ್ಲಿ ಬರುವುದು, ತರುವುದು, ಉಣ್ಣುವುದು, ತಿನ್ನುವುದು, ಕೊಡುವುದು, ಕೊಳ್ಳುವುದು, ಬೀಳುವುದು, ಏಳುವುದು, ನಗುವುದು, ಅಳುವುದು, ಸಾಯುವುದು. ಇಂಗ್ಲಿಷಿನಲ್ಲಿಯೂ ಹೆಚ್ಚುಕಡಮೆ ಇವೇ: ಕಮ್–ಕೇಮ್, ಬ್ರಿಂಗ್–ಬ್ರಾಟ್, ಈಟ್–ಏಟ್, ಗಿವ್–ಗೇವ್, ಬೈ–ಬಾಟ್, ಫಾಲ್–ಫೆಲ್. ಅಡುಗೆಮನೆ, ಹೊಲ, ತೊಟ್ಟಿಲು, ಮಸಣ ಇವುಗಳ ಸುತ್ತ ದಿನಕ್ಕೆ ನೂರು ಸಲ ಆಡುವ ಮಾತುಗಳೇ ಎರಡೂ ಕಡೆ ಹಳೆಯ ರೂಪವನ್ನು ಬಿಟ್ಟುಕೊಟ್ಟಿಲ್ಲ. 2007ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಹಳೆಯ ಇಂಗ್ಲಿಷಿನ 177 ಅನಿಯಮಿತ ಕ್ರಿಯಾಪದಗಳನ್ನು ಪಟ್ಟಿಮಾಡಿ ಅವುಗಳ ಮುಂದಿನ ಕತೆಯನ್ನು ಹುಡುಕಿದರು. ನಡುಗಾಲದ ಇಂಗ್ಲಿಷಿಗೆ ಬರುವ ಹೊತ್ತಿಗೆ 145, ನಮ್ಮ ಕಾಲಕ್ಕೆ 98 ಮಾತ್ರ ಅನಿಯಮಿತವಾಗಿ ಉಳಿದಿದ್ದವು. ಹೆಚ್ಚು ಬಳಕೆಯಾದವು ಉಳಿದವು. ಬಳಕೆ ಕಡಮೆಯಾದವು ಸಾಮಾನ್ಯ ನಿಯಮಕ್ಕೆ ಶರಣಾದವು. ಬಳಕೆ ನೂರು ಪಾಲು ಕಡಮೆಯಾದರೆ ಈ ಶರಣಾಗತಿ ಹತ್ತು ಪಟ್ಟು ಬೇಗ ಬರುತ್ತದೆಂದು ಅವರ ಲೆಕ್ಕ. ‘ಹೆಲ್ಪ್’ ಎಂಬುದಕ್ಕೆ ಒಂದು ಕಾಲದಲ್ಲಿ ‘ಹೋಲ್ಪ್’ ಎಂಬ ಭೂತರೂಪ ಇದ್ದಿತು. ಈಗ ‘ಹೆಲ್ಪ್ಡ್’ ಆಗಿದೆ.

ಹೀಗಾಗಿ ಅನಿಯಮಿತ ರೂಪ ಎಂದರೆ ಭಾಷೆಯ ಕೊಳೆಯಲ್ಲ. ಬಹುಜನರು ಬಹುಕಾಲ ಬಿಡದೆ ಬಳಸಿದ್ದರಿಂದ ಉಳಿದುಬಂದ ಆಸ್ತಿ ಅದು. ‘ಕೊಡು’ ಧಾತುವನ್ನೇ ತೆಗೆದುಕೊಳ್ಳಿ. ಸುಮಾರು ಕ್ರಿ.ಶ. 450ರದೆಂದು ಹೇಳಲಾಗುವ ಹಲ್ಮಿಡಿ ಶಾಸನದಲ್ಲಿ ‘ಕೊಟ್ಟಾರ್’ ಎಂಬ ರೂಪವಿದೆ. ಹದಿನೈದು ಶತಮಾನಗಳ ಮೇಲೆಯೂ ನಾವು ‘ಕೊಟ್ಟರು’ ಎನ್ನುತ್ತೇವೆ, ‘ಕೊಡಿದರು’ ಎನ್ನುವುದಿಲ್ಲ. ದಾನಶಾಸನಗಳ ಜೀವವೇ ಈ ಬಗೆಯ ಭೂತಕ್ರಿಯೆಗಳಲ್ಲಿದೆ. ಕೊಟ್ಟರು, ಬಿಟ್ಟರು, ಮಾಡಿಸಿದರು ಎಂಬ ಪದ ಬಂದಾಗಲೇ ಭೂಮಿ ಕೈ ಬದಲಾಯಿಸುತ್ತದೆ. ಹೊಸದಾಗಿ ಬಂದ ಶಬ್ದಗಳಾದರೋ ಈ ಹಳೆಯ ಸಂಸಾರದೊಳಗೆ ಕಾಲಿಡುವುದಿಲ್ಲ. ಅವು ‘ಮಾಡು’ ‘ಆಗು’ಗಳ ಕೈ ಹಿಡಿದುಕೊಂಡೇ ಬರುತ್ತವೆ. ಫೋನ್ ಮಾಡಿದ, ಪಾಸಾದ, ಫೇಲಾದ ಎನ್ನುತ್ತೇವೆ.

ಇನ್ನು ಕೃದಂತಕ್ಕೆ ಬರೋಣ. ನಮ್ಮಲ್ಲಿ ಭೂತಕೃದಂತ ಎರಡು ಬಗೆ. ‘ಬಂದು’, ‘ಮಾಡಿ’ ಎಂಬುವು ಅವ್ಯಯಗಳು. ಇನ್ನೊಂದು ಕ್ರಿಯೆಗಾಗಿ ಕಾದು ನಿಲ್ಲುತ್ತವೆ. ‘ಬಂದ’, ‘ಮಾಡಿದ’ ಎಂಬುವು ವಿಶೇಷಣಗಳು. ಮುಂದಿನ ನಾಮಪದಕ್ಕಾಗಿ ಕಾದು ನಿಲ್ಲುತ್ತವೆ. ಆಡುಮಾತಿನಲ್ಲಿ ‘ಹುಡುಗ ಬಂದ’ ಎಂದರೆ ಮಾತು ಮುಗಿಯಿತು. ‘ಬಂದ ಹುಡುಗ’ ಎಂದರೆ ಮಾತು ಈಗ ತಾನೆ ಶುರುವಾಯಿತು. ಧ್ವನಿ ಒಂದೇ, ಸ್ಥಾನ ಮಾತ್ರ ಬೇರೆ. ಇಂಗ್ಲಿಷಿನಲ್ಲಿ ಹೀಗಲ್ಲ. ಅಲ್ಲಿ ಕೆಲವು ಕ್ರಿಯಾಪದಗಳಿಗೆ ಭೂತರೂಪ ಒಂದು, ಕೃದಂತ ಇನ್ನೊಂದು: ಗೋ, ವೆಂಟ್, ಗಾನ್; ಈಟ್, ಏಟ್, ಈಟನ್. ಇದನ್ನೇ ನಮ್ಮ ಮಕ್ಕಳು ಮೂರು ಕಂಬಸಾಲುಗಳಲ್ಲಿ ಬರೆದುಕೊಂಡು ಪದ್ಯದಂತೆ ಬಾಯಿಪಾಠ ಮಾಡುವುದು. ಫ್ರೆಂಚಿನ ಮಕ್ಕಳಿಗೂ ಈ ಕಷ್ಟ ತಪ್ಪಿದ್ದಲ್ಲ. ಅಲ್ಲಿ ಕೃದಂತಗಳು ಸಾಮಾನ್ಯವಾಗಿ ‘ಎ’, ‘ಇ’, ‘ಯು’ ಎಂಬ ಮೂರು ಸ್ವರಗಳಲ್ಲಿ ಕೊನೆಗೊಳ್ಳುತ್ತವೆ. ಆದರೆ ಹೊರಗೆ ಉಳಿದವುಗಳ ಪಟ್ಟಿ ಸಣ್ಣದಲ್ಲ.

ಒಂದು ವಿಷಯದಲ್ಲಿ ನಮ್ಮ ಕೃದಂತ ಆ ಎರಡಕ್ಕಿಂತಲೂ ಹೆಚ್ಚು ಶಕ್ತಿಯುಳ್ಳದ್ದು. ‘ಓದಿದ ಹುಡುಗ’ ಎಂದರೆ ಓದಿದವನು. ‘ಓದಿದ ಪುಸ್ತಕ’ ಎಂದರೆ ಓದಲ್ಪಟ್ಟದ್ದು. ಒಂದೇ ರೂಪ ಕರ್ತೃವಿಗೂ ಕರ್ಮಕ್ಕೂ ಸಲ್ಲುತ್ತದೆ. ಅಷ್ಟೇ ಅಲ್ಲ. ‘ನಾವು ಬಂದ ದಾರಿ’, ‘ಅವಳು ಉಂಡ ಗಂಗಾಳ’, ‘ಅಜ್ಜ ತೀರಿಕೊಂಡ ವರ್ಷ’. ದಾರಿಗೆ, ಗಂಗಾಳಕ್ಕೆ, ವರ್ಷಕ್ಕೆ ಒಂದೊಂದು ಇಡೀ ವಾಕ್ಯವನ್ನು ಅದು ಕಟ್ಟಿ ನಿಲ್ಲಿಸುತ್ತದೆ. ಇಂಗ್ಲಿಷ್ ಫ್ರೆಂಚುಗಳು ಇದಕ್ಕಾಗಿ ‘ಯಾವ’, ‘ಎಲ್ಲಿ’, ‘ಎಂದು’ ಎಂಬರ್ಥದ ಪದಗಳನ್ನು ತಂದು ಬೇರೆ ಉಪವಾಕ್ಯವನ್ನು ಹೂಡಬೇಕಾಗುತ್ತದೆ.

ಈಗ ನಮ್ಮ ಪ್ರಶ್ನೆಯ ಹತ್ತಿರಕ್ಕೆ ಬಂದೆವು. ನಡೆದುಹೋದದ್ದನ್ನು ಹೇಳುವಾಗ ಮನುಷ್ಯನಿಗೆ ಎರಡು ಬಗೆಯ ಅಗತ್ಯವಿದೆ. ಒಂದು, ಇಂಥದು ನಡೆಯಿತು ಎಂದು ಹೇಳುವುದು. ಇನ್ನೊಂದು, ನಡೆದದ್ದರ ಫಲ ಈಗಲೂ ಇಲ್ಲಿದೆ ಎಂದು ಹೇಳುವುದು. ಎರಡನೆಯದಕ್ಕೆ ಬಹು ಭಾಷೆಗಳು ಕೃದಂತದ ಜೊತೆಗೆ ಒಂದು ಸಹಾಯಕ ಕ್ರಿಯಾಪದವನ್ನು ಜೋಡಿಸುತ್ತವೆ. ಲ್ಯಾಟಿನ್ ಭಾಷೆಯವರು ‘ಬರೆದ ಪತ್ರ ನನ್ನಲ್ಲಿದೆ’ ಎಂಬ ಧಾಟಿಯಲ್ಲಿ ಆಡುತ್ತಿದ್ದರು. ಕ್ರಮೇಣ ‘ನನ್ನಲ್ಲಿದೆ’ ಎಂಬ ಒಡೆತನದ ಅರ್ಥ ಸವೆದು, ‘ಪತ್ರ ಬರೆದಿದ್ದೇನೆ’ ಎಂಬ ಕಾಲದ ಅರ್ಥ ಉಳಿಯಿತು. ಫ್ರೆಂಚಿನ ‘ಝೆ ಎಕ್ರಿ’ ಅದರ ಸಂತಾನ. ಇಂಗ್ಲಿಷಿನ ‘ಐ ಹ್ಯಾವ್ ರಿಟನ್’ ಕೂಡ ಇಂಥದೇ ಹಾದಿಯಲ್ಲಿ ಬಂದದ್ದು. ಆದರೆ ಬರುವುದು, ಹೋಗುವುದು, ಹುಟ್ಟುವುದು, ಸಾಯುವುದು ಎಂಬಂಥ ಸುಮಾರು ಹದಿನೈದು ಕ್ರಿಯೆಗಳಿಗೆ ಫ್ರೆಂಚರು ‘ಹೊಂದಿರು’ ಎಂಬುದನ್ನು ಬಿಟ್ಟು ‘ಇರು’ ಎಂಬರ್ಥದ ‘ಎತ್ರ್’ ಅನ್ನು ಬಳಸುತ್ತಾರೆ. ‘ಇಲ್ ಎ ವನ್ಯು’ ಎಂದರೆ ಅಕ್ಷರಶಃ ‘ಅವನು ಬಂದವನಾಗಿ ಇದ್ದಾನೆ’ ಎಂದಂತೆ. ಬಂದವಳು ಹೆಣ್ಣಾದರೆ ಕೃದಂತಕ್ಕೆ ಬರವಣಿಗೆಯಲ್ಲಿ ಒಂದು ಅಕ್ಷರ ಹೆಚ್ಚು ಸೇರುತ್ತದೆ, ಉಚ್ಚಾರ ಬದಲಾಗುವುದಿಲ್ಲ. ಹಳೆಯ ಇಂಗ್ಲಿಷಿನಲ್ಲಿಯೂ ‘ಹಿ ಈಸ್ ಕಮ್’ ಎನ್ನುವ ವಾಡಿಕೆ ಇದ್ದಿತು. ಈಗ ‘ಹಿ ಹ್ಯಾಸ್ ಕಮ್’ ಒಂದೇ ಉಳಿದಿದೆ.

ಕನ್ನಡದಲ್ಲಿ ‘ಹ್ಯಾವ್’ ಎಂಬಂಥ ಕ್ರಿಯಾಪದವೇ ಇಲ್ಲ. ‘ನನಗೆ ಇಬ್ಬರು ಮಕ್ಕಳಿದ್ದಾರೆ’ ಎನ್ನುತ್ತೇವೆ. ಒಡೆತನವೂ ನಮಗೆ ಇರುವಿಕೆಯೇ. ಆದ್ದರಿಂದ ನಮ್ಮ ಎಲ್ಲ ಧಾತುಗಳೂ ‘ಇರು’ ಎಂಬುದರ ಆಸರೆಯನ್ನೇ ಪಡೆಯುತ್ತವೆ: ಬಂದಿದ್ದಾನೆ, ಬರೆದಿದ್ದಾನೆ, ಕೊಟ್ಟಿದ್ದಾನೆ. ಫ್ರೆಂಚ್ ಮಕ್ಕಳು ಪಟ್ಟಿ ಮಾಡಿ ಕಲಿಯಬೇಕಾದ ಭೇದ ನಮಗೆ ಇಲ್ಲ.

ರಾಯಚೂರು ಸೀಮೆಯ ರೂಪವನ್ನು ಈಗ ನೋಡಿ. ನಾನು ಬಂದೀನಿ, ಅಂವ ಬಂದಾನ, ಅಕಿ ಬಂದಾಳ, ಅವರು ಬಂದಾರ. ಅದು ಬಂದದ, ಕೆಲವರ ಬಾಯಲ್ಲಿ ಬಂದೈತಿ. ‘ಮಾಡು’ ಧಾತುವಿಗೆ ಮಾಡೀನಿ, ಮಾಡ್ಯಾನ, ಮಾಡ್ಯಾಳ. ‘ಹೋಗು’ ಧಾತುವಿಗೆ ಹೋಗೀನಿ, ಹೋಗ್ಯಾನ. ‘ಮಾಡ್ಯಾನ’ ಎಂಬ ರೂಪವೇ ಇದರ ಬೀಗದ ಕೈ. ಅದನ್ನು ಬಿಡಿಸಿದರೆ ‘ಮಾಡಿ’ ಎಂಬ ಕೃದಂತಾವ್ಯಯ ಒಂದು, ‘ಆನ’ ಎಂಬ ಅಂಶ ಇನ್ನೊಂದು ಸಿಗುತ್ತವೆ. ‘ಆನ’ ಎಂಬುದು ಗ್ರಾಂಥಿಕ ಕನ್ನಡದ ‘ಆನೆ’. ಕ್ರಿಯಾಪದದ ಕೊನೆಯ ಎಕಾರ ಉತ್ತರದ ಮಾತಿನಲ್ಲಿ ಅಕಾರವಾಗುವುದು ಎಲ್ಲರಿಗೂ ತಿಳಿದದ್ದೇ. ‘ಬರುತ್ತಾನೆ’ ಇಲ್ಲಿ ‘ಬರ್ತಾನ’, ‘ಹೋಗುತ್ತಾನೆ’ ಇಲ್ಲಿ ‘ಹೋಗ್ತಾನ’. ಅದೇ ಲೆಕ್ಕದಲ್ಲಿ ‘ಬಂದಾನ’ ಎಂಬುದು ‘ಬಂದಾನೆ’. ಅಂದರೆ ಬಂದು ಇದ್ದಾನೆ ಎಂದು ಅರ್ಥ.

ದಕ್ಷಿಣದವರಿಗೆ ಗೊಂದಲ ಹುಟ್ಟಿಸುವ ‘ಬಂದಾನು’ ಎಂಬುದು ಬೇರೆ ರೂಪ. ಅದರ ಕೊನೆಯಲ್ಲಿರುವುದು ‘ಆನೆ’ ಅಲ್ಲ, ‘ಆನು’, ಅರ್ಥ ಸಂಭಾವನೆ. ಕೊನೆಯ ಸ್ವರ ಎಕಾರವೋ ಉಕಾರವೋ ಎಂಬುದರ ಮೇಲೆ ನಿಶ್ಚಯ ಸಂದೇಹಗಳೆರಡೂ ನಿಂತಿವೆ. ಆ ಸ್ವರವನ್ನು ನಮ್ಮವರು ಅಕಾರವಾಗಿ ಉಚ್ಚರಿಸುವುದರಿಂದ, ಕೇಳುವವರು ಅದನ್ನು ಯಾವ ಕಡೆಗೆ ತಿರುಗಿಸಿಕೊಳ್ಳಬೇಕೆಂದು ತಿಳಿಯದೆ ಎಡವುತ್ತಾರೆ.

ಹಾಗಾದರೆ ‘ಬಂದಾನ’ ಅಶುದ್ಧವೇ? ಈಗ ‘ಇದ್ದಾನೆ’ ಎಂಬ ಪದವನ್ನೇ ಬಿಡಿಸಿ ನೋಡೋಣ. ಪಠ್ಯಪುಸ್ತಕ, ಪತ್ರಿಕೆ, ಸಾಹಿತ್ಯ ಎಲ್ಲವೂ ಒಪ್ಪಿದ ಶಿಷ್ಟರೂಪ ಅದು. ಧಾತು ‘ಇರು’, ಅದರ ಭೂತಕೃದಂತ ‘ಇದ್ದು’, ಅದರ ಮೇಲೆ ‘ಆನೆ’. ‘ಇದ್ದು’ ಮತ್ತು ‘ಆನೆ’ ಸೇರಿ ‘ಇದ್ದಾನೆ’. ‘ಬಂದು’ ಮತ್ತು ‘ಆನೆ’ ಸೇರಿ ‘ಬಂದಾನೆ’. ಕಟ್ಟಡ ಒಂದೇ, ಗಾರೆ ಒಂದೇ. ಶಿಷ್ಟಕನ್ನಡ ಒಂದು ಧಾತುವಿನಲ್ಲಿ ಮಾತ್ರ ಉಳಿಸಿಕೊಂಡ ರಚನೆಯನ್ನು ರಾಯಚೂರಿನ ಕನ್ನಡ ಎಲ್ಲ ಧಾತುಗಳಲ್ಲಿಯೂ ಉಳಿಸಿಕೊಂಡಿದೆ. ‘ಬಂದಾನ’ ತಪ್ಪೆಂದು ಗೆರೆ ಎಳೆಯುವವರು ‘ಇದ್ದಾನೆ’ ಎಂಬುದರ ಕೆಳಗೂ ಗೆರೆ ಎಳೆಯಬೇಕಾಗುತ್ತದೆ.

ಈ ಬಗೆಯ ಜೋಡಣೆ ಹೊಸದೂ ಅಲ್ಲ. 13ನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಮೂರು ಕಾಲಗಳಿಗೆ ‘ದ’, ‘ದಪ’, ‘ವ’ ಎಂಬ ಪ್ರತ್ಯಯಗಳನ್ನು ಹೇಳುತ್ತಾನೆ. ವರ್ತಮಾನದ ‘ದಪ’ದೊಳಗೆ ಭೂತದ ‘ದ’ ಕುಳಿತಿರುವುದನ್ನು ಗಮನಿಸಬೇಕು. ಹಳಗನ್ನಡದ ‘ಮಾಡಿದಪಂ’ ಎಂಬ ವರ್ತಮಾನರೂಪ ಭೂತದ ಅಂಗದ ಮೇಲೆಯೇ ಕಟ್ಟಿದ್ದು. ನಡುಗನ್ನಡದ ಷಟ್ಪದಿ ಕಾವ್ಯಗಳಲ್ಲಿ ‘ಮಾಡಿಹನು’, ‘ಬಂದಿಹನು’ ಎಂಬ ರೂಪಗಳು ಹೇರಳವಾಗಿವೆ. ಕೃದಂತವೂ ಇರುವಿಕೆಯೂ ಕೂಡಿದ ಈ ಜಾಡು ನಮ್ಮ ಸೀಮೆಗೆ ಹೊರಗಿನದಲ್ಲ. ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯ ವಿಜಯದಾಸರು, ಬ್ಯಾಗವಟದಲ್ಲಿ ಹುಟ್ಟಿ ಮಾನ್ವಿಯಲ್ಲಿ ನೆಲೆಸಿದ ಜಗನ್ನಾಥದಾಸರು, ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಗೋಪಾಲದಾಸರು 18ನೆಯ ಶತಮಾನದಲ್ಲಿ ಕನ್ನಡದಲ್ಲಿ ಹಾಡಿದ ನೆಲ ಇದು. ಜಗನ್ನಾಥದಾಸರ ‘ಹರಿಕಥಾಮೃತಸಾರ’ ಭಾಮಿನಿ ಷಟ್ಪದಿಯಲ್ಲಿಯೇ ಇದೆ. ಕಾವ್ಯದ ಕನ್ನಡವೂ ಮನೆಯ ಕನ್ನಡವೂ ಇಲ್ಲಿ ಒಬ್ಬರ ಬಾಯಲ್ಲೇ ಕೂಡಿ ಬಾಳಿದ್ದವು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಹಲ್ಮಿಡಿಯ ‘ಕೊಟ್ಟಾರ್’ ಕಂಡು, ನಮ್ಮ ‘ಕೊಟ್ಟಾರ’ ಎಂಬುದು ಅದರ ನೇರ ವಾರಸುದಾರ ಎಂದು ಸಂಭ್ರಮಪಡುವುದು ಸರಿಯಲ್ಲ. ಹಲ್ಮಿಡಿಯದು ಬರಿಯ ಭೂತಕಾಲ. ಅದರ ದೀರ್ಘಸ್ವರ ಅಂದಿನ ಬಹುವಚನ ಪ್ರತ್ಯಯದ್ದು. ನಮ್ಮದು ‘ಕೊಟ್ಟು ಇದ್ದಾರೆ’ ಎಂಬ ಅರ್ಥದ ಕೂಡುರೂಪ. ಅಭಿಮಾನಕ್ಕೆ ಆಧಾರ ಬೇಕಾದರೆ ಕಿವಿಗೆ ಕೇಳುವ ಹೋಲಿಕೆಗಿಂತ ರಚನೆಯ ತರ್ಕವನ್ನು ನಂಬುವುದು ಲೇಸು.

ಈ ರೂಪಗಳ ಬೆಲೆ ತಿಳಿಯಬೇಕಾದರೆ ದೇವದುರ್ಗದ ಎರೆಹೊಲದಲ್ಲಿ ನಿಂತು ಕೇಳಬೇಕು. ‘ಮಳಿ ಬಂತು’ ಎಂದರೆ ಮಳೆಯೆಂಬ ಘಟನೆ ನಡೆಯಿತು. ‘ಮಳಿ ಬಂದದ’ ಎಂದರೆ ಮಳೆ ಬಂದು ನೆಲ ಹಸಿಯಾಗಿದೆ, ಕೂರಿಗೆ ಹೂಡುವ ಮಾತು ಎತ್ತಬಹುದು. ‘ಮಳಿ ಬಂದಿತ್ತು’ ಎಂದರೆ ಆ ಹಸಿ ಈಗಿಲ್ಲ, ಬಂದದ್ದು ಹೋಯಿತು. ಮೂರು ರೂಪಗಳ ನಡುವೆ ಒಂದು ಬಿತ್ತನೆಯ ನಿರ್ಧಾರವೇ ಇದೆ. ಬೀಜ ಕೈಯಲ್ಲಿ ಹಿಡಿದವನು ಈ ಮೂರನ್ನು ಎಂದೂ ಅದಲುಬದಲು ಮಾಡುವುದಿಲ್ಲ.

ಮಾನ್ವಿಯಿಂದ ಪಶ್ಚಿಮಕ್ಕೆ ಹೋದರೆ ಮಸ್ಕಿ. ಅಲ್ಲಿನ ಬಂಡೆಯ ಮೇಲಿರುವ ಅಶೋಕನ ಶಾಸನವನ್ನು 1915ರಲ್ಲಿ ಚಿನ್ನದ ಅದಿರು ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರು ಕಂಡುಹಿಡಿದರು. ‘ದೇವಾನಾಂಪ್ರಿಯ’ ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೂ ಅದರಲ್ಲಿ ಇದ್ದುದರಿಂದ ಅದು ಜಗತ್ಪ್ರಸಿದ್ಧವಾಯಿತು. ನಮ್ಮ ಇಂದಿನ ವಿಷಯಕ್ಕೂ ಅದು ಬೇಕು. ಕ್ರಿ.ಪೂ. 3ನೆಯ ಶತಮಾನದ ಆ ಪ್ರಾಕೃತದಲ್ಲಿ ಅರಸ ‘ಸಂಘವನ್ನು ಸೇರಿದೆ’ ಎಂದು ಹೇಳಿಕೊಳ್ಳಲು ಬಳಸಿದ್ದು ‘ಉಪಗತೆ’ ಎಂಬ ಕೃದಂತವನ್ನು, ‘ಇದ್ದೇನೆ’ ಎಂಬರ್ಥದ ‘ಸುಮಿ’ ಎಂಬ ಕ್ರಿಯಾಪದದ ಜೊತೆಗೆ. ‘ಸೇರಿದವನಾಗಿ ಇದ್ದೇನೆ’ ಎಂಬ ಧಾಟಿ. ಫ್ರೆಂಚಿನ ‘ಇಲ್ ಎ ವನ್ಯು’ ಆದದ್ದೂ ಹೀಗೆಯೇ, ನಮ್ಮ ‘ಬಂದೀನಿ’ ಆದದ್ದೂ ಹೀಗೆಯೇ. ಪರಸ್ಪರ ಕಾಣದ ಮೂರು ಭಾಷೆಗಳು ಒಂದೇ ಉಪಾಯವನ್ನು ಕಂಡುಕೊಂಡಿವೆ.

ಆ ‘ಗತ’ ಎಂಬ ಕೃದಂತ ರಾಯಚೂರಿನ ಬಜಾರಿನಲ್ಲಿ ಇಂದಿಗೂ ಬದುಕಿದೆ. ಉರ್ದುವಿನ ‘ಗಯಾ’ ಎಂಬುದು ‘ಗತ’ದ ಮಗನೇ. ಉತ್ತರದ ಭಾಷೆಗಳಲ್ಲಿ ಹಳೆಯ ಭೂತರೂಪಗಳು ಅಳಿದು ಕೃದಂತಗಳೇ ಭೂತಕಾಲದ ಪಟ್ಟವನ್ನು ಏರಿದವು. ಅದರ ಫಲವಾಗಿ ಕರ್ತೃವಿಗೆ ‘ನೇ’ ಎಂಬ ಪ್ರತ್ಯಯ ಹತ್ತಿ, ಕ್ರಿಯೆ ಕರ್ಮದ ಲಿಂಗವನ್ನು ಅನುಸರಿಸತೊಡಗಿತು: ‘ಮೈಂನೇ ರೋಟೀ ಖಾಯೀ’. ನಮ್ಮ ದಖ್ಖನಿ ಉರ್ದು ಮಾತ್ರ ಈ ‘ನೇ’ಯನ್ನು ಬಹುಮಟ್ಟಿಗೆ ಕೈಬಿಟ್ಟು ‘ಮೈಂ ರೋಟೀ ಖಾಯಾ’ ಎನ್ನುತ್ತದೆ. ಕ್ರಿಯೆ ಕರ್ತೃವನ್ನೇ ಅನುಸರಿಸುವ ಕನ್ನಡ ತೆಲುಗುಗಳ ನೆರೆಹೊರೆಯ ಪ್ರಭಾವ ಇದರಲ್ಲಿ ಇದೆಯೆಂದು ವಿದ್ವಾಂಸರು ಹೇಳುತ್ತಾರೆ. ಈ ಪ್ರದೇಶ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿ ಇದ್ದುದರಿಂದ ಕಚೇರಿಯ ಭಾಷೆ ಉರ್ದುವಾಗಿತ್ತು. 1956ರ ಏಕೀಕರಣದ ಮೇಲೆ ಶಾಲೆಗೆ ಶಿಷ್ಟಕನ್ನಡದ ಪುಸ್ತಕಗಳು ಬಂದವು. ದಖ್ಖನಿಯಾಡುವ ಮಗುವಿನ ‘ಮೈಂ ಖಾಯಾ’ ಉರ್ದು ಪಂಡಿತರಿಗೆ ತಪ್ಪಾಗಿ ಕೇಳಿಸಿದರೆ, ಕನ್ನಡದ ಮಗುವಿನ ‘ಉಂಡಾನ’ ಕನ್ನಡ ಪಂಡಿತರಿಗೆ ತಪ್ಪಾಗಿ ಕೇಳಿಸುತ್ತದೆ. ಅಕ್ಕಪಕ್ಕದ ಮನೆಯ ಇಬ್ಬರು ಮಕ್ಕಳಿಗೂ ಕಷ್ಟ ಒಂದೇ.

ಶಿಷ್ಟವೂ ಆಡುಮಾತೂ ಬೇರೆಯಾಗುವುದು ನಮಗೆ ಮಾತ್ರ ಬಂದ ಪಾಡಲ್ಲ. ಫ್ರೆಂಚಿನಲ್ಲಿ ‘ಅವನು ಬಂದನು’ ಎನ್ನಲು ‘ಇಲ್ ವ್ಯಾಂ’ ಎಂಬ ಹಳೆಯ ಭೂತರೂಪ ಒಂದಿದೆ. ಕಾದಂಬರಿಗಳಲ್ಲಿ, ಚರಿತ್ರೆಯ ಗ್ರಂಥಗಳಲ್ಲಿ ಅದು ಕಾಣುತ್ತದೆ. ಮಾತಿನಲ್ಲಿ ಅಳಿದೇ ಹೋಗಿದೆ. ಮಾತಿನಲ್ಲಿರುವುದು ‘ಇಲ್ ಎ ವನ್ಯು’ ಮಾತ್ರ. 1942ರಲ್ಲಿ ಆಲ್ಬೇರ್ ಕಾಮು ತನ್ನ ‘ಲೆತ್ರಾಂಝೆ’ ಕಾದಂಬರಿಯನ್ನು ಹೆಚ್ಚಾಗಿ ಆ ಆಡುಮಾತಿನ ಕೂಡುರೂಪದಲ್ಲಿಯೇ ಬರೆದಾಗ, ಅದು ಸಾಹಿತ್ಯಲೋಕದಲ್ಲಿ ಚರ್ಚೆಯ ವಿಷಯವಾಯಿತು. ಕ್ರಿಯಾಪದದ ಒಂದು ರೂಪವನ್ನು ಆರಿಸಿಕೊಳ್ಳುವುದರಿಂದ ಕಥನದ ಉಸಿರೇ ಬದಲಾಗುತ್ತದೆಂದು ಓದುಗರು ಕಂಡುಕೊಂಡರು. ನಮ್ಮ ಕಥೆಗಾರರೂ ಸಂಭಾಷಣೆಯ ಹೊರಗೆ, ನಿರೂಪಣೆಯಲ್ಲಿಯೇ ‘ಬಂದಾನ’ ‘ಹೋಗ್ಯಾನ’ಗಳನ್ನು ಬಳಸಿ ಏನು ಸಾಧಿಸಬಹುದೆಂದು ಯೋಚಿಸಬೇಕಾದದ್ದಿದೆ.

ಇನ್ನು ಇಂಗ್ಲಿಷ್ ಪಾಠದ ಕೋಣೆಗೆ ಬರೋಣ. ‘ಹಿ ಹ್ಯಾಸ್ ಕಮ್ ಯೆಸ್ಟರ್‌ಡೇ’ ಎಂದು ನಮ್ಮ ವಿದ್ಯಾರ್ಥಿಗಳು ಬರೆಯುವುದುಂಟು. ‘ನಿನ್ನೆನ ಬಂದಾನ’ ಎಂಬುದು ಅವರ ಮನೆಯ ಮಾತು. ನಿನ್ನೆ ಎಂಬ ಪದಕ್ಕೂ ಆ ರೂಪಕ್ಕೂ ಇಲ್ಲಿ ವೈರವಿಲ್ಲ. ಫ್ರೆಂಚಿನಲ್ಲಿಯೂ ಇಲ್ಲ, ಅಲ್ಲಿ ನಿನ್ನೆ ಎಂಬುದರೊಡನೆ ‘ಇಲ್ ಎ ವನ್ಯು’ ಎಂದು ಹೇಳುವುದೇ ಸರಿ. ಆಗಿಹೋದ ಹೊತ್ತನ್ನು ಹೆಸರಿಸಿದ ಮೇಲೆ ‘ಹ್ಯಾವ್’ ಬಾರದೆಂಬುದು ಇಂಗ್ಲಿಷಿನ ಕಟ್ಟಳೆ. ‘ನಿನ್ನ ಭಾಷೆ ಹೀಗೆ, ಆ ಭಾಷೆ ಹಾಗೆ’ ಎಂದು ಅಧ್ಯಾಪಕರು ಒಮ್ಮೆ ತೋರಿಸಿಕೊಟ್ಟರೆ ಹುಡುಗ ತಿದ್ದಿಕೊಳ್ಳುತ್ತಾನೆ. ‘ದಡ್ಡ’ ಎಂದರೆ ತಿದ್ದಿಕೊಳ್ಳುವುದಿಲ್ಲ.

‘ಹಿ ಡಿಡ್ ನಾಟ್ ಕೇಮ್’ ಎಂಬ ತಪ್ಪಿಗೂ ಮದ್ದು ಕನ್ನಡದಲ್ಲಿಯೇ ಇದೆ. ನಾವು ‘ಬರಲಿಲ್ಲ’ ಎನ್ನುತ್ತೇವೆ, ‘ಬಂದಲಿಲ್ಲ’ ಎನ್ನುವುದಿಲ್ಲ. ನಿಷೇಧ ಬಂದಾಗ ನಮ್ಮ ಧಾತುವೂ ತನ್ನ ಭೂತದ ಗುರುತನ್ನು ಕಳಚಿಡುತ್ತದೆ. ‘ಡಿಡ್ ನಾಟ್ ಕಮ್’ ಎಂಬಲ್ಲಿ ಆಗಿರುವುದೂ ಅದೇ. ‘ಬಂದಿಲ್ಲ’ ಎಂಬಲ್ಲಿ ಕೃದಂತ ಉಳಿಯುತ್ತದೆ. ‘ಹ್ಯಾಸ್ ನಾಟ್ ಕಮ್’ ಎಂಬಲ್ಲಿಯೂ ಉಳಿಯುತ್ತದೆ. ಬರಲಿಲ್ಲ, ಬಂದಿಲ್ಲ ಎಂಬ ಭೇದವನ್ನು ಮೂರು ವರ್ಷದ ಮಗುವೂ ಬಲ್ಲದು. ಆ ತಿಳಿವಳಿಕೆಯ ಮೇಲೆ ಇಂಗ್ಲಿಷನ್ನು ಕಟ್ಟುವುದು ಬಾಯಿಪಾಠಕ್ಕಿಂತ ಸುಲಭ.

ಶಿಷ್ಟರೂಪ ಬೇಡವೆಂದು ನಾನು ಹೇಳುತ್ತಿಲ್ಲ. ಬೀದರಿನಿಂದ ಚಾಮರಾಜನಗರದವರೆಗೆ ಎಲ್ಲರಿಗೂ ಅರ್ಥವಾಗುವ ಒಂದು ಬರವಣಿಗೆ ಬೇಕೇ ಬೇಕು. ಪರೀಕ್ಷೆಯಲ್ಲಿ ‘ಬಂದಿದ್ದಾನೆ’ ಎಂದು ಬರೆಯುವುದನ್ನು ಮಕ್ಕಳಿಗೆ ಕಲಿಸಲೇಬೇಕು. ಆದರೆ ಕಲಿಸುವಾಗ ‘ನಿನ್ನ ಬಂದಾನ ತಪ್ಪು’ ಎಂದು ಹೇಳುವ ಬದಲು, ‘ನಿನ್ನ ಬಂದಾನ ಎಂಬುದನ್ನು ಬರವಣಿಗೆಯಲ್ಲಿ ಬಂದಿದ್ದಾನೆ ಎಂದು ಬರೆಯುತ್ತಾರೆ’ ಎಂದು ಹೇಳಿದರೆ ಸಾಕು. ಮೊದಲನೆಯ ವಾಕ್ಯ ಮಗುವಿನಿಂದ ಒಂದು ಭಾಷೆಯನ್ನು ಕಿತ್ತುಕೊಳ್ಳುತ್ತದೆ. ಎರಡನೆಯದು ಇನ್ನೊಂದನ್ನು ಕೊಡುತ್ತದೆ.

ಅಧ್ಯಾಪಕ ಮಿತ್ರರಲ್ಲಿ ಒಂದು ಬಿನ್ನಹ. ರಾಯಚೂರು, ದೇವದುರ್ಗ, ಮಾನ್ವಿಗಳ ಶಾಲೆಗಳಲ್ಲಿ ಮಕ್ಕಳಿಗೆ ಇಪ್ಪತ್ತೈದು ಧಾತುಗಳನ್ನು ಕೊಡಿ. ಮನೆಯ ಅಜ್ಜ ಅಜ್ಜಿಯರ ಬಾಯಿಂದ ಅವುಗಳ ರೂಪಗಳನ್ನು ಕೇಳಿ ಬರೆದುಕೊಂಡು ಬರಲಿ: ಬಂದ, ಬಂದಾನ, ಬಂದಿದ್ದ, ಉಂಡ, ಉಂಡಾನ, ಉಂಡಿದ್ದ. ಯಾವ ಊರಿನಲ್ಲಿ ‘ಬಂದದ’, ಯಾವ ಊರಿನಲ್ಲಿ ‘ಬಂದೈತಿ’ ಎಂಬುದನ್ನೂ ಗುರುತಿಸಿಕೊಳ್ಳಲಿ. ಪಕ್ಕದ ಸಾಲಿನಲ್ಲಿ ಶಿಷ್ಟರೂಪವನ್ನೂ, ಅದರ ಪಕ್ಕದಲ್ಲಿ ಇಂಗ್ಲಿಷ್ ರೂಪವನ್ನೂ ಬರೆಯಲಿ. ವ್ಯಾಕರಣ ಪುಸ್ತಕದಿಂದ ಇಳಿದುಬರುವುದಲ್ಲ, ತಮ್ಮ ಮನೆಯ ಜಗಲಿಯ ಮೇಲೆಯೇ ಅದು ಕುಳಿತಿದೆ ಎಂದು ಆ ಮಕ್ಕಳಿಗೆ ತಿಳಿಯುತ್ತದೆ. ಅಂಥ ಪಟ್ಟಿಯೊಂದು ಒಂದೊಂದು ಊರಿನಿಂದ ಬಂದರೂ ಕನ್ನಡದ ಅಭ್ಯಾಸಿಗಳಿಗೆ ಅದು ದೊಡ್ಡ ಉಪಕಾರ.